ತಲೆ ಎಣಿಕೆ ಸರಿಯಾಗಿತ್ತು ಕಣೋ

ಲೋ ಮಾರಾಯ,

ರೋಮ್ ಫೋಟೊ ನೋಡಿದವರೆಲ್ಲ ಮಜಾ ಮಾಡಿದ್ದೀಯ ಅಂದರು. ಮಾಡಿದೆ. ಆದರೆ ಫೋಟೊದಲ್ಲಿ ಇಲ್ಲದ 40 ನಿಮಿಷದ ಕಥೆ ನಿನಗೆ ಹೇಳಬೇಕು. ಬೇರೆಯವರು ಓದಿದರೆ ಓದಲಿ.

ನಾವು 31 ಮಂದಿ, ಹಸಿರು ಛತ್ರಿ ಎತ್ತಿ ಹಿಡಿದ ಒಬ್ಬ ಗೈಡಮ್ಮ. ಬೆಳಿಗ್ಗೆ ಕೊಲೋಸಿಯಂ. ಗೋಡೆ ತುಂಬಾ ತೂತು ಕಣೋ. ಕಲ್ಲಿಗೆ ಕಲ್ಲು ಹಿಡಿದಿಟ್ಟಿದ್ದ ಕಬ್ಬಿಣದ ಕೊಂಡಿಗಳನ್ನು ಆಮೇಲಿನ ಕಾಲದವರು ಕಿತ್ತುಕೊಂಡು ಹೋದ ಜಾಗಗಳಂತೆ ಅವು. ಗ್ಲಾಡಿಯೇಟರ್ ಪೋಸ್ ನಾನೂ ಕೊಟ್ಟೆ, ಎಂಟನೇ ಸಲಕ್ಕೆ ಸರಿಯಾಯಿತು. ಎಂಟು. ನಗಬೇಡ.

ಆಮೇಲೆ ಫೋರಂ, ಅಂದರೆ ಹಳೇ ರೋಮಿನ ಊರ ನಡುವಿನ ಚೌಕ, ಈಗ ಬರೀ ಅವಶೇಷ. ಅಲ್ಲಿ ಜೂಲಿಯಸ್ ಸೀಸರನನ್ನು ಸುಟ್ಟ ಜಾಗ ಇದೆ. ಏನೋ ದೊಡ್ಡ ಸಮಾಧಿ ಇರುತ್ತದೆ ಅಂದುಕೊಂಡಿದ್ದೆ. ಮುರುಕು ಗೋಡೆಯ ಹಿಂದೆ, ಒಂದು ತಗ್ಗು ಮಾಡಿನ ಕೆಳಗೆ ಮಣ್ಣಿನ ಗುಡ್ಡೆ, ಅಷ್ಟೇ. ಅದರ ಮೇಲೆ ಬಾಡಿದ ಹೂವು, ಚಿಲ್ಲರೆ ಕಾಸು, ನಾಲ್ಕು ಮಡಿಕೆಯ ಒಂದು ಚೀಟಿ. ಕ್ರಿ.ಪೂ. 44ರಲ್ಲಿ ಸತ್ತವನಿಗೆ ಈಗಲೂ ಯಾರೋ ಚೀಟಿ ಬರೆದಿಟ್ಟು ಹೋಗುತ್ತಾರೆ!

ಗುಂಪು ಮುಂದೆ ಹೋಯಿತು. ದಾರಿ ತಪ್ಪಿತು ಅಂತ ಎಲ್ಲರಿಗೂ ಹೇಳಿದ್ದೇನೆ, ಸುಳ್ಳು. ಬೇಕಂತಲೇ ಅಲ್ಲೇ ನಿಂತೆ, ಮೊದಲು ಯಾರು ಫೋನ್ ಮಾಡುತ್ತಾರೆ ನೋಡೋಣ ಅಂತ. ಯಾರೂ ಮಾಡಲಿಲ್ಲ. ಕೊನೆಗೆ ನಾನೇ ಓಡಿ ಸೆವೆರಸ್ ಕಮಾನಿನ ಹತ್ತಿರ ಅವರನ್ನು ಹಿಡಿದೆ. ಗೈಡಮ್ಮನಿಗೆ ಆಶ್ಚರ್ಯ. ಎರಡು ಸಲ ಎಣಿಸಿದ್ದರಂತೆ, 31 ಸರಿಯಾಗಿ ಇತ್ತಂತೆ. ಇನ್ಯಾವುದೋ ಗುಂಪಿನ ತಾತ ಒಬ್ಬರು ಅಷ್ಟು ಹೊತ್ತೂ ನಮ್ಮ ಛತ್ರಿಯ ಹಿಂದೆಯೇ ನಡೆದಿದ್ದರು. ನನ್ನ ಪಾಲಿನ ಬಿಸ್ಕತ್ತೂ ಅವರ ಕೈಯಲ್ಲೇ ಇತ್ತು.

ಎಲ್ಲರ ಜೊತೆ ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರದೆ ನಮ್ಮ ಹಳೇ ವಾಟ್ಸಾಪ್ ಗುಂಪು ತೆಗೆದೆ. ನೀನು ಅದನ್ನು ಬಿಟ್ಟಿದ್ದು ಮಾರ್ಚಿನಲ್ಲಿ. ನನಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ, ಅದೂ ನಿನ್ನ ಸೂಟ್‌ಕೇಸ್ ಬೇಕಾಗಿತ್ತು ಅಂತ ಹುಡುಕಿದಾಗ. ಸೂಟ್‌ಕೇಸ್ ಕೊಟ್ಟೆ, ಒಂದು ಮಾತೂ ಆಡಲಿಲ್ಲ ನೀನು. ಏನಾಗಿತ್ತೋ ಅಂತ ನಾನೂ ಕೇಳಲಿಲ್ಲ. ಆ ಎರಡು ತಿಂಗಳು ನೀನೂ ಹೀಗೇ ಎಲ್ಲೋ ಗೋಡೆ ಹಿಂದೆ ನಿಂತು ಫೋನ್ ನೋಡುತ್ತಿದ್ದೆಯಾ?

ಸರಿ ಬಿಡು, ಜಾಸ್ತಿ ಆಯಿತು. ಇಲ್ಲಿ ನನ್ನ ಅತ್ತೆಯೂ ಓದುತ್ತಾರೆ.

ರೋಮಿನ ಬೀದಿ ನಲ್ಲಿಗಳಿಗೆ ‘ನಾಸೋನೆ’ ಅಂತಾರೆ, ಅಂದರೆ ದೊಡ್ಡ ಮೂಗು. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಪುಟ್ಟ ತೂತಿನಿಂದ ನೀರು ಚಿಮ್ಮುತ್ತದೆ, ಆರಾಮಾಗಿ ಕುಡಿಯಬಹುದು. ಇದನ್ನು ಎಲ್ಲರಿಗೂ ಕಲಿಸಲು ಹೋಗಿ ಪ್ಯಾಂಟ್ ಒದ್ದೆ ಮಾಡಿಕೊಂಡೆ, ಎಲ್ಲಿ ಆಗಬಾರದೋ ಅಲ್ಲೇ. ಆಗ ಮಾತ್ರ 30 ಜನಕ್ಕೂ ನಾನು ಕಣ್ಣಿಗೆ ಬಿದ್ದೆ.

ಸೂಟ್‌ಕೇಸಿನ ಒಂದು ಚಕ್ರ ಹೋಗಿದೆ. ಭಾನುವಾರ ಫೋನ್ ಮಾಡುತ್ತೇನೆ, ಬೈಯೋದಕ್ಕಾದರೂ ಎತ್ತು.