ಗೇಮ್ ತಯಾರಿಸುವವರ ಉದ್ಯೋಗವನ್ನು ಬೇರೆಯಾಗಿಯೇ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ, ಗೇಮಿಂಗ್ ಉದ್ಯಮದಲ್ಲಿ ಉದ್ಯೋಗ ನಷ್ಟ ಎಂಬ ಸುದ್ದಿಗಳು ಸಾಲುಸಾಲಾಗಿ ಪ್ರಕಟವಾದವು. ಅವುಗಳಲ್ಲೊಂದನ್ನು ಓದಿದ ನನ್ನ ತಾಯಿ, ನನ್ನ ಕೆಲಸವೂ ಹೋಯಿತೇನೋ ಎಂದು ಗಾಬರಿಯಿಂದ ಊರಿನಿಂದ ಫೋನ್ ಮಾಡಿದರು. ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ವಿಡಿಯೊ ಗೇಮ್‌ಗಳಿಗೆ ತ್ರೀಡಿ ಕಲಾವಿದನಾಗಿ ದುಡಿಯುತ್ತಿರುವ ನಾನು, ರಮ್ಮಿ ಆಡಿಸುವ ಕಂಪನಿಗೂ ನಮ್ಮ ಕಸುಬಿಗೂ ಸಂಬಂಧವಿಲ್ಲವೆಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಸರ್ಕಾರಕ್ಕೂ ಪತ್ರಿಕೆಗಳಿಗೂ ಅದನ್ನೇ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಫ್ಯಾಂಟಸಿ ಕ್ರಿಕೆಟ್, ರಮ್ಮಿ, ಪೋಕರ್ ಕಂಪನಿಗಳ ಆದಾಯ ಆಟಗಾರರು ಕಟ್ಟಿದ ಹಣದಲ್ಲಿ ಹಿಡಿದುಕೊಳ್ಳುವ ಪಾಲಿನಿಂದ ಬರುತ್ತಿತ್ತು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28ರ ಜಿಎಸ್‌ಟಿ ಬಿದ್ದಾಗಲೇ ಆ ವ್ಯವಹಾರಕ್ಕೆ ಪೆಟ್ಟು ಬಿದ್ದಿತ್ತು. ಅಲ್ಲಿ ಕೆಲಸ ಕಳೆದುಕೊಂಡವರೂ ತಿಂಗಳ ಸಂಬಳವನ್ನೇ ನೆಚ್ಚಿಕೊಂಡವರು. ಅವರ ಕಷ್ಟ ನಿಜವಾದದ್ದು. ಆದರೆ ಆ ಸಂಖ್ಯೆಯನ್ನೂ ನಮ್ಮ ಸಂಖ್ಯೆಯನ್ನೂ ಒಂದೇ ಚೀಲಕ್ಕೆ ತುಂಬಿದರೆ, ಗೇಮ್ ತಯಾರಿಸುವವರ ಕಷ್ಟವೇನೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕಸುಬು ಬೆಂಗಳೂರಿಗೆ ಹೊಸದಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಡುತ್ತ ಬೆಳೆದು, ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್‌ಗೆ ಸೇರಿ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಇಂದಿಗೂ ಇಲ್ಲಿನ ಉದ್ಯೋಗಗಳಲ್ಲಿ ಬಹುಪಾಲು ಇದೇ ಬಗೆಯವು: ಕಥೆ, ಪಾತ್ರ, ಮಾರಾಟದ ಹಕ್ಕು ಎಲ್ಲವೂ ಹೊರಗಿನವರ ಕೈಯಲ್ಲಿ, ಗಂಟೆ ಲೆಕ್ಕದ ದುಡಿಮೆ ಮಾತ್ರ ನಮ್ಮದು.

ಒಮ್ಮೆ ನನಗೆ ವಹಿಸಿದ್ದು, ಗೇಮ್‌ನೊಳಗೆ ಕಾಣುವ ತುಕ್ಕು ಹಿಡಿದ ಒಂದು ಎಣ್ಣೆ ಡ್ರಮ್ಮನ್ನು ಕಂಪ್ಯೂಟರಿನಲ್ಲಿ ರೂಪಿಸುವ ಕೆಲಸ. ಮುಚ್ಚಳದ ಅಂಚಿನಲ್ಲಿ ಬಣ್ಣ ಎಷ್ಟು ಸುಲಿದಿರಬೇಕು, ಮಳೆನೀರು ಇಳಿದ ಗೆರೆ ಯಾವ ಕಡೆ ದಪ್ಪವಾಗಿರಬೇಕು ಎಂದು ರಾತ್ರಿ ಫೀಡ್‌ಬ್ಯಾಕ್ ಬರುತ್ತಿತ್ತು. ಬೆಳಿಗ್ಗೆ ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ಗೆರೆಗಳ ಚಿತ್ರ) ತಿದ್ದಿ ಕಳುಹಿಸುತ್ತಿದ್ದೆ. ಹೀಗೆ ಹನ್ನೊಂದು ದಿನ ನಡೆಯಿತು. ಊರಿನ ಪೆಟ್ರೋಲ್ ಬಂಕಿನ ಹಿಂದೆ ಬಿದ್ದಿದ್ದ ಡ್ರಮ್ಮಿನ ಫೋಟೊವನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡೇ ಮಾಡಿದ ಕೆಲಸವದು. ಗೇಮ್ ಬಿಡುಗಡೆಯಾದಾಗ ಕೊನೆಯ ಹೆಸರುಗಳ ಪಟ್ಟಿಯನ್ನು ನಾವು ಏಳು ಮಂದಿ ಒಟ್ಟಿಗೆ ಕುಳಿತು ನೋಡಿದೆವು. ನಮ್ಮ ಸ್ಟುಡಿಯೊದ ಹೆಸರಷ್ಟೇ ಅಲ್ಲಿತ್ತು, ನಮ್ಮಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಗೋಪ್ಯತೆಯ ಕರಾರಿದ್ದುದರಿಂದ ಬೇರೆ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಡ್ರಮ್ಮನ್ನು ನನ್ನದೆಂದು ತೋರಿಸುವಂತೆಯೂ ಇರಲಿಲ್ಲ.

ಪರರ ಆರ್ಡರನ್ನೇ ನಂಬಿದ ಉದ್ಯೋಗ ಎಷ್ಟು ದುರ್ಬಲವೆಂಬುದು 2025ರ ಫೆಬ್ರುವರಿಯಲ್ಲಿ ಕಂಡಿತು. ವಿಎಫ್‌ಎಕ್ಸ್ (ಸಿನಿಮಾಗಳ ದೃಶ್ಯ ಪರಿಣಾಮ), ಅನಿಮೇಷನ್, ಗೇಮ್ ಮೂರರಲ್ಲೂ ಕೆಲಸ ಮಾಡುತ್ತಿದ್ದ ಪ್ಯಾರಿಸ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ, ಬೆಂಗಳೂರು ಮತ್ತು ಮುಂಬೈಯ ಸಾವಿರಾರು ಕಲಾವಿದರು ಕೆಲವೇ ದಿನಗಳಲ್ಲಿ ಬೀದಿಗೆ ಬಿದ್ದರು. ಅವರ ಕೌಶಲದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಸ್ವಂತ ಗೇಮ್ ಮಾಡಹೊರಟವರ ಹಾದಿಯೂ ಸುಗಮವಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಗೇಮ್‌ಗಾಗಿ ಜನರಿಂದ ವಂತಿಗೆ ಕೇಳಿದಾಗ ಗುರಿಯಷ್ಟು ಹಣ ಕೂಡಲಿಲ್ಲ. ಆದರೂ ಪಟ್ಟು ಬಿಡದೆ 2020ರಲ್ಲಿ ಅದನ್ನು ಹೊರತಂದಿತು. ಎಲ್ಲ ತಂಡಗಳೂ ಅಷ್ಟು ಕಾಲ ಆದಾಯವಿಲ್ಲದೆ ತಾಳಲಾರವು. ಮನೆ ಬಾಡಿಗೆ ಕಟ್ಟಲಾಗದೆ ಅರ್ಧಕ್ಕೆ ಕೈಬಿಟ್ಟು ಮತ್ತೆ ಔಟ್‌ಸೋರ್ಸಿಂಗ್‌ಗೆ ಮರಳಿದ ಗೆಳೆಯರನ್ನು ನಾನು ಬಲ್ಲೆ. ಕೈಯಲ್ಲಿ ಆಡಿ ನೋಡಬಹುದಾದ ಮೊದಲ ಮಾದರಿ ಸಿದ್ಧವಾಗುವವರೆಗೆ ಯಾವ ಬ್ಯಾಂಕೂ ಇಂಥವರಿಗೆ ಸಾಲ ಕೊಡುವುದಿಲ್ಲ.

ಅನಿಮೇಷನ್ ಮತ್ತು ಗೇಮಿಂಗ್‌ಗೆಂದು 2012ರಲ್ಲಿಯೇ ನೀತಿ ರೂಪಿಸಿದ ಹೆಮ್ಮೆ ಕರ್ನಾಟಕದ್ದು. ಈಗಿನ 2024–29ರ ಎವಿಜಿಸಿ–ಎಕ್ಸ್‌ಆರ್ (ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿ 30,000 ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಹುಬ್ಬಳ್ಳಿ, ಶಿವಮೊಗ್ಗ, ರಾಯಚೂರಿನ ಮಕ್ಕಳು ಇಂಥ ಸಂಖ್ಯೆಗಳನ್ನು ನಂಬಿ, ಲಕ್ಷಗಟ್ಟಲೆ ಸಾಲ ಮಾಡಿ ಖಾಸಗಿ ಸಂಸ್ಥೆಗಳಲ್ಲಿ ಗೇಮ್ ಡಿಸೈನ್ ಕಲಿಯಲು ಬರುತ್ತಿದ್ದಾರೆ. ಆದ್ದರಿಂದ ಸೃಷ್ಟಿಯಾದ ಉದ್ಯೋಗಗಳಲ್ಲಿ ಗೇಮ್ ತಯಾರಿಕೆಯದ್ದೆಷ್ಟು, ಅದರಲ್ಲಿ ಹೊಸಬರಿಗೆ ಸಿಕ್ಕಿದ್ದೆಷ್ಟು, ಗುತ್ತಿಗೆಯದ್ದೆಷ್ಟು ಎಂಬುದನ್ನು ಮಾಹಿತಿ ತಂತ್ರಜ್ಞಾನ ಇಲಾಖೆ ಪ್ರತಿವರ್ಷ ಬಿಡಿಬಿಡಿಯಾಗಿ ಪ್ರಕಟಿಸಬೇಕು. ನೆರವಿನ ಹಣದಲ್ಲಿ ಒಂದು ಭಾಗವನ್ನು, ಗೇಮ್‌ನ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಸಣ್ಣ ತಂಡಗಳಿಗೆ ಮೊದಲ ಮಾದರಿ ತಯಾರಿಸುವ ಹಂತದಲ್ಲಿಯೇ ಕೊಡಬೇಕು. ಸರ್ಕಾರದ ರಿಯಾಯಿತಿ ಪಡೆಯುವ ಪ್ರತಿಯೊಂದು ಸ್ಟುಡಿಯೊವೂ, ಗೇಮ್ ಬಿಡುಗಡೆಯಾದ ಮೇಲೆ ದುಡಿದವರು ತಮ್ಮ ಕೆಲಸವನ್ನು ತಮ್ಮದೆಂದು ತೋರಿಸಿಕೊಳ್ಳಲು ಅವಕಾಶ ಮಾಡಿಕೊಡುವ ಷರತ್ತನ್ನು ತನ್ನ ಕರಾರುಗಳಲ್ಲಿ ಸೇರಿಸುವಂತೆ ನಿಯಮ ಮಾಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಗೇಮ್ ಕಲಾವಿದ, ಬೆಂಗಳೂರು