ಯಾವ ಪಾಳಿಯ ಎರಕ ಎಂದು ಕೇಳಿದವರು

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) 31 ವರ್ಷ ದುಡಿದು ನಿವೃತ್ತನಾದವನು. ಈಗ ನಮ್ಮ ಕಡೆಯ ಮಧ್ಯಮ ಗಾತ್ರದ ಕಾರ್ಖಾನೆಗಳೂ ಘಟಕದ ಮುಖ್ಯಸ್ಥರನ್ನು ಆರಿಸುವಾಗ ಮೊದಲು ಕಂಪ್ಯೂಟರ್ ಮುಂದೆ ಕೂರಿಸಿ ತರ್ಕದ ಪರೀಕ್ಷೆ ನಡೆಸುತ್ತವೆ. ಅಂಕಿಗಳ ಸರಣಿಯಲ್ಲಿ ಮುಂದಿನದು ಯಾವುದು, ಚಿತ್ರಗಳ ಸಾಲಿನಲ್ಲಿ ಬಿಟ್ಟುಹೋದದ್ದು ಯಾವುದು ಎಂಬಂಥ ಪ್ರಶ್ನೆಗಳು. ಆ ಅಂಕವನ್ನೇ ಕೊನೆಯ ಮಾತಾಗಿಸುವುದನ್ನು ನಾನು ವಿರೋಧಿಸುತ್ತೇನೆ.

ನನ್ನ ಸೇವೆಯ ಕೊನೆಯ ವರ್ಷ ಅಂಥದೊಂದು ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಇಬ್ಬರು ಉಳಿದಿದ್ದರು. ಆ ವಾರ ತಿರಸ್ಕೃತವಾದ ಪಂಪ್‌ ಎರಕವೊಂದನ್ನು ಗರಗಸದಿಂದ ಸೀಳಿಸಿ ಸಂದರ್ಶನದ ಕೋಣೆಗೆ ಒಯ್ದಿದ್ದೆ. ಒಳಗೆ ಗಾಳಿ ಸಿಕ್ಕಿಕೊಂಡು ಆದ ತೂತುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ‘ಮೇ ತಿಂಗಳಲ್ಲಿ ನೂರಕ್ಕೆ 4 ಹೀಗೆ ಹಾಳಾಗುತ್ತಿದ್ದವು, ಈಗ 14. ಏನು ಮಾಡುತ್ತೀರಿ?’ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದವರು ತಕ್ಷಣ ಎದ್ದು ಬೋರ್ಡಿನ ಮೇಲೆ ಐದು ಕಾರಣಗಳನ್ನು ಅಚ್ಚುಕಟ್ಟಾಗಿ ಬರೆದರು. ಅಚ್ಚಿನ ಮರಳು ಪೂರೈಸುವವರನ್ನು ಬದಲಿಸಬೇಕು ಎಂದರು. ನಮಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇನ್ನೊಬ್ಬರು ಎರಕವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ‘ಇದು ಯಾವ ಪಾಳಿಯದು? ಕೋರ್‌ಗಳನ್ನು ಯಾವಾಗ ಮಾಡುತ್ತೀರಿ, ರಾತ್ರಿ ಎಲ್ಲಿಡುತ್ತೀರಿ?’ ಎಂದರು. ಕೋರ್ ಎಂದರೆ ಎರಕದೊಳಗೆ ಟೊಳ್ಳು ಉಳಿಯಲು ಅಚ್ಚಿನಲ್ಲಿ ಇಡುವ ಮರಳಿನ ತುಂಡು. ಸಂಜೆ ಮಾಡಿದ ಕೋರ್‌ಗಳು ಶಟರ್ ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿದ್ದು ಬೆಳಗಿನ ಪಾಳಿಗೆ ಬಳಕೆಯಾಗುತ್ತಿದ್ದವು. ಬೆಳಗಾವಿಯ ಜೂನ್ ಮಳೆ ಎಂಥದೆಂದು ನಿಮಗೆ ಗೊತ್ತು. ತೇವ ಹೀರಿದ ಕೋರ್‌ಗೆ ಕರಗಿದ ಕಬ್ಬಿಣ ತಾಗಿದಾಗ ಹಬೆ ಎದ್ದು ಲೋಹದೊಳಗೇ ಸಿಕ್ಕಿಬೀಳುತ್ತದೆ. ಮರುದಿನವೇ ಸ್ಟ್ಯಾಂಡನ್ನು ಒಲೆಯ ಪಕ್ಕಕ್ಕೆ ಸರಿಸಿದೆವು. ಆ ತಿಂಗಳೊಳಗೆ ಲೆಕ್ಕ ಮತ್ತೆ 5ಕ್ಕೆ ಇಳಿಯಿತು. ಸ್ಟ್ಯಾಂಡ್ ಸರಿಸಿದ್ದು ಪ್ರಶ್ನೆ ಕೇಳಿದವರ ಮಾತಿನಿಂದ, ಹುದ್ದೆ ಕೊಟ್ಟದ್ದು ಹೆಚ್ಚು ಅಂಕ ಪಡೆದವರಿಗೆ. ಅಂಕ ಕಾಗದದ ಮೇಲಿತ್ತು. ಕೇಳಿದ ಪ್ರಶ್ನೆಗೆ ಅಂಕ ಕೊಡುವ ಅಂಕಣವೇ ಇರಲಿಲ್ಲ. ಆ ಆಯ್ಕೆಗೆ ಬಿದ್ದ ಸಹಿಗಳಲ್ಲಿ ನನ್ನದೂ ಒಂದು ಎಂಬುದು ಇಂದಿಗೂ ನೋಯಿಸುತ್ತದೆ.

ಆಯ್ಕೆಯಾದವರು ಬುದ್ಧಿವಂತರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಪರೀಕ್ಷೆಗಳಲ್ಲಿ ಉತ್ತರಕ್ಕೆ ಬೇಕಾದ ಮಾಹಿತಿಯೆಲ್ಲ ಪ್ರಶ್ನೆಯೊಳಗೇ ಇರುತ್ತದೆ. ಕಾರ್ಖಾನೆಯಲ್ಲಿ ಅರ್ಧ ಮಾಹಿತಿ ರಾತ್ರಿ ಪಾಳಿಯ ಕೋರ್ ಕೆಲಸಗಾರನ ಬಳಿ ಇರುತ್ತದೆ, ಹೋಗಿ ಕೇಳಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಕನ್ನಡ, ಮರಾಠಿ ಮಾಧ್ಯಮದಲ್ಲಿ ಓದಿ ಮೇಲೆ ಬಂದವರಿಗೆ ಇನ್ನೊಂದು ಪೆಟ್ಟು.

ಮನಶ್ಶಾಸ್ತ್ರ ಓದಿದ ಮಗಳು ನನಗೆ ತೋರಿಸಿದ ಲೆಕ್ಕವೂ ಇದೆ. ತರ್ಕ, ಬುದ್ಧಿಶಕ್ತಿ ಪರೀಕ್ಷೆಯ ಅಂಕಕ್ಕೂ ಕೆಲಸದ ಸಾಧನೆಗೂ ಇರುವ ನಂಟನ್ನು 1998ರಲ್ಲಿ ಸಂಶೋಧಕರಾದ ಶ್ಮಿಟ್ ಮತ್ತು ಹಂಟರ್ 0.51 ಎಂದು ಅಂದಾಜಿಸಿದ್ದರು (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು). 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮರುಪರಿಶೀಲಿಸಿದಾಗ ಅದು 0.31ಕ್ಕೆ ಇಳಿಯಿತು, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಮೊದಲೇ ಗೊತ್ತುಪಡಿಸಿದ ಮಾನದಂಡದಿಂದ ಅಂಕ ಕೊಡುವ ಸಂದರ್ಶನಕ್ಕೆ 0.42 ಸಿಕ್ಕಿತು. ಪರೀಕ್ಷೆ ನಿರುಪಯುಕ್ತ ಎಂದು ಇದರ ಅರ್ಥವಲ್ಲ, ಅದೊಂದನ್ನೇ ನಂಬಬಾರದು ಎಂದಷ್ಟೇ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿ 1956ರಲ್ಲೇ ಬೇರೆ ದಾರಿ ಹಿಡಿದಿತ್ತು. ಯುವ ವ್ಯವಸ್ಥಾಪಕರ ಮುಂದೆ ಪತ್ರ, ದೂರು, ಟಿಪ್ಪಣಿಗಳ ರಾಶಿ ಇಟ್ಟು ಅವರು ಹೇಗೆ ನಿಭಾಯಿಸುತ್ತಾರೆಂದು ನೋಡಿದರು. ಫಲಿತಾಂಶವನ್ನು ಮೇಲಧಿಕಾರಿಗಳಿಗೂ ತೋರಿಸದೆ ಮುಚ್ಚಿಟ್ಟು, ವರ್ಷಗಳ ನಂತರ ಯಾರು ಮೇಲೇರಿದರು ಎಂಬುದರ ಜೊತೆ ಹೋಲಿಸಿದರು. ತಮ್ಮ ಅಳತೆಗೋಲನ್ನೇ ಅಳೆದು ನೋಡುವ ಆ ತಾಳ್ಮೆ ನಮ್ಮಲ್ಲಿ ಎಷ್ಟು ಮಾಲೀಕರಿಗಿದೆ?

ನಮ್ಮ ಕಾರ್ಖಾನೆಗಳ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಸಂದರ್ಶನಕ್ಕೆ ನಿಮ್ಮಲ್ಲೇ ಎದುರಾದ ನಿಜವಾದ ಸಮಸ್ಯೆಯೊಂದನ್ನು ಇಡಿ, ಎಲ್ಲರಿಗೂ ಅದನ್ನೇ ಕೊಡಿ, ಅವರು ಏನು ಕೇಳಿದರು ಎಂಬುದಕ್ಕೂ ಅಂಕವಿಡಿ. ಫೌಂಡ್ರಿಯವರಿಗೆ ಸಮಸ್ಯೆಗಳು ಬೇಕಿದ್ದರೆ, ತಿರಸ್ಕೃತ ಎರಕಗಳ ಬಗ್ಗೆ ದಿನಾಂಕ, ಪಾಳಿ ಸಹಿತ ನಾನು ಬರೆದಿಟ್ಟ ನೋಟುಪುಸ್ತಕಗಳು ಮನೆಯಲ್ಲಿವೆ. ಬಂದು ಒಯ್ಯಬಹುದು.

– ನಿವೃತ್ತ ಫೌಂಡ್ರಿ ಮೇಲ್ವಿಚಾರಕ, ಬೆಳಗಾವಿ