ಎಕ್ಸ್‌ರೇ ಕೋಣೆ ಹೊರಗೆ ಸಿಕ್ಕ ಅಕ್ಕನಿಗೆ

ನಿಮ್ಮ ಹೆಸರು ಕೇಳೋದೇ ಮರೆತೆ ನೋಡಿ. ನಾಲ್ಕು ವರ್ಷದಿಂದ ಸೊಂಟನೋವು, 'ನೆಟ್ಟಗೆ ಕೂತ್ಕೋ' ಅಂತ ಬೈಸಿಕೊಂಡಿದ್ದೇ ಜಾಸ್ತಿ. ನೀವು ಮಾತ್ರ ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದು, ಸೊಂಟದ ಮೂಳೆಗೆ ಪೆಲ್ವಿಕ್ ಇನ್ಸಿಡೆನ್ಸ್ ಅನ್ನೋ ಕೋನ ಇರುತ್ತದೆ, ಬೆಳವಣಿಗೆ ಮುಗಿದ ಮೇಲೆ ಅದು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ, ಸರಾಸರಿ 50 ಡಿಗ್ರಿ ಆಸುಪಾಸು, ಜಾಸ್ತಿ ಇದ್ದವರಿಗೆ ಕೆಳಬೆನ್ನಿನ ಬಾಗೂ ಜಾಸ್ತಿ ಬೇಕು ಅಂತ ಬಿಡಿಸಿ ಹೇಳಿದಿರಿ. ನನ್ನದು ದೊಡ್ಡ ಕೋನ, ಬೆನ್ನು ಮಾತ್ರ ಚಪ್ಪಟೆ! ನೇರ ನಿಲ್ಲಲು ಸೊಂಟವನ್ನು ಹಿಂದಕ್ಕೆ ವಾಲಿಸಿಕೊಂಡು ಸ್ನಾಯುಗಳು ದಿನವಿಡೀ ಒದ್ದಾಡುತ್ತಿದ್ದವು. ಆದರೆ ಕೋನ ಒಂದೇ ನೋವಿಗೆ ಕಾರಣ ಅಲ್ಲ, ಇದೇ ಆಕಾರ ಇದ್ದೂ ಆರಾಮಾಗಿರುವವರಿದ್ದಾರೆ ಅಂದಿರಲ್ಲ, ಅದು ತುಂಬಾ ಹಿಡಿಸಿತು. ಈಗ ಸುಮ್ನೆ ಸೆಟೆದು ಕೂರುವುದಿಲ್ಲ, ಆಗಾಗ ಎದ್ದು ಓಡಾಡುತ್ತೇನೆ. ನೋವು ಪೂರ್ತಿ ಹೋಗಿಲ್ಲ, ಭಯ ಹೋಗಿದೆ. ಥ್ಯಾಂಕ್ಸ್ ಅಕ್ಕಾ.